ಸಣ್ಣ ಶೆಲ್ಫಿಗೆ ಸ್ಕ್ರೂ ಸಾಕಾ, ಕೈಯಲ್ಲಿ ಕೊರೆದ ಜೋಡಣೆ ಬೇಕಾ?

ಕೊಡಗಿನಲ್ಲಿ ಮೊದಲು ಮಳೆಯನ್ನು ಲೆಕ್ಕಕ್ಕೆ ತಗೊಳ್ಳಬೇಕು. ಮಳೆಗಾಲದಲ್ಲಿ ಹಲಗೆ ಅಗಲಕ್ಕೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಈ ಎಳೆದಾಟಕ್ಕೆ ಸ್ಕ್ರೂ ತೂತು ನಿಧಾನಕ್ಕೆ ಸಡಿಲವಾಗುತ್ತದೆ, ಸಾದಾ ಕಬ್ಬಿಣದ್ದಾದರೆ ತುಕ್ಕೂ ಹಿಡಿಯುತ್ತದೆ. ಆದರೆ ಕೆಲಸ ಬೇಗ ಮುಗಿಯುತ್ತದೆ, ಬಿಚ್ಚಿ ಸಾಗಿಸಬಹುದು. ಬಾಡಿಗೆ ಮನೆಗೆ ಅದೇ ಸರಿ, ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿ.

ಸ್ವಂತ ಮನೆಗಾದರೆ ನನ್ನ ಓಟು ಕೈಯಲ್ಲಿ ಕೊರೆದದ್ದಕ್ಕೇ. ಕಂಬದಲ್ಲಿ ಚೌಕ ತೂತು, ಅಡ್ಡಪಟ್ಟಿಯ ತುದಿಯಲ್ಲಿ ಆ ತೂತಿಗೆ ಕೂರುವ ತೆಳು ನಾಲಿಗೆ. ನಾಲಿಗೆಯ ದಪ್ಪ ಮರದ ಮೂರನೇ ಒಂದು ಪಾಲು ಇರಲಿ: 24 ಮಿ.ಮೀ. ಮರಕ್ಕೆ 8 ಮಿ.ಮೀ. ಉಳಿ. ಉಳಿಯ ಅಗಲವೇ ನಿಮ್ಮ ಅಳತೆ. ತೂತು ಮೊದಲು, ನಾಲಿಗೆ ಆಮೇಲೆ. ಯಾಕಂದ್ರೆ ನಾಲಿಗೆಯನ್ನು ಚೂರು ಚೂರೇ ಕೆತ್ತಿ ಸರಿಮಾಡುವುದು ಸುಲಭ. ಕೈಯಲ್ಲಿ ಒತ್ತಿದರೆ ಅರ್ಧ ಒಳಗೆ ಹೋಗಬೇಕು, ಉಳಿದದ್ದು ಕೊಡತಿಯ ಮೆಲ್ಲನೆ ಏಟಿಗೆ. ಜೋರಾಗಿ ಹೊಡೆಯಬೇಕಾಗಿ ಬಂದರೆ ನಿಲ್ಲಿಸಿ, ಕಂಬ ಸೀಳುತ್ತದೆ.

ತೋಟದ ಸಿಲ್ವರ್ ಓಕ್ ಕೊರೆಯಲು ಹಗುರ, ಆದರೆ ಹುಳ ಬೇಗ ಹಿಡಿಯುತ್ತದೆ. ಹಲಸು ಬಾಳಿಕೆ ಬರುತ್ತದೆ. ಯಾವುದಾದರೂ ಚೆನ್ನಾಗಿ ಒಣಗಿರಲಿ. ಹಸಿ ಮರದಲ್ಲಿ ಎಷ್ಟು ನಾಜೂಕಾಗಿ ಕೊರೆದರೂ ಸಂದು ಬಿಡುತ್ತದೆ.