ಒರಾಕಲ್ ಪಾರ್ಕ್: ಮಕ್ಕಳ ಗುಂಪಿನೊಂದಿಗೆ ಬೇಸ್‌ಬಾಲ್ ನೋಡಲು ಹೊರಟವರಿಗೆ

ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ತಂಡದ ತವರು ಮೈದಾನವಾದ ಒರಾಕಲ್ ಪಾರ್ಕ್‌ಗೆ ನಮ್ಮ ಕನ್ನಡ ಕಲಿಕೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಹೋಗಿ ಬಂದ ಮೇಲೆ ನನ್ನ ಅಭಿಪ್ರಾಯ ಇಷ್ಟು: ಏಳರಿಂದ ಹದಿನಾಲ್ಕು ವರ್ಷದ ಮಕ್ಕಳ ಗುಂಪಿಗೆ ಇದು ಬಹಳ ಒಳ್ಳೆಯ ಆಯ್ಕೆ. ಅದಕ್ಕೆ ಮುಖ್ಯ ಕಾರಣ ಆಟವಲ್ಲ. ಆಟ ನೋಡದೆ ಇರುವುದಕ್ಕೂ ಅಲ್ಲಿ ಧಾರಾಳವಾಗಿ ಅವಕಾಶವಿದೆ ಎಂಬುದು. ಕ್ರಿಕೆಟ್ ನೋಡಿ ಬೆಳೆದ ತಂದೆತಾಯಂದಿರು ಟಿಕೆಟ್ ಕೊಳ್ಳುವ ಮೊದಲು ಈ ಸಂಗತಿಯನ್ನು ತಿಳಿದಿದ್ದರೆ ಒಳ್ಳೆಯದು. ಮಕ್ಕಳನ್ನು ಒಂದೇ ಜಾಗದಲ್ಲಿ ಕೂರಿಸಿ ಆಟದ ನಿಯಮಗಳನ್ನು ಬೋಧಿಸಲು ಹೊರಟರೆ ಒಂಬತ್ತು ಇನ್ನಿಂಗ್ಸ್‌ಗಳಲ್ಲಿ ಎರಡನೆಯದು ಮುಗಿಯುವಷ್ಟರಲ್ಲಿ ಇಬ್ಬರಿಗೂ ಸಾಕುಸಾಕಾಗುತ್ತದೆ.

ಎಡಗಡೆಯ ಔಟ್‌ಫೀಲ್ಡಿನ ಹಿಂದೆ ಸುಮಾರು 80 ಅಡಿ ಉದ್ದದ ದೊಡ್ಡ ಸೋಡಾ ಬಾಟಲಿಯೊಂದು ಓರೆಯಾಗಿ ನಿಂತಿದ್ದು, ಅದರೊಳಗೆ ಮಕ್ಕಳಿಗಾಗಿ ಜಾರುಬಂಡೆಗಳಿವೆ. ಪಕ್ಕದಲ್ಲೇ ಹಳೆಯ ಕಾಲದ ನಾಲ್ಕು ಬೆರಳಿನ ಬೇಸ್‌ಬಾಲ್ ಗ್ಲೌಸಿನ ಬೃಹತ್ ಪ್ರತಿಕೃತಿಯಿದೆ. ನಮ್ಮ ಗುಂಪಿನ ಚಿಕ್ಕ ಮಕ್ಕಳು ಮೊದಲ ಒಂದು ಗಂಟೆಯನ್ನು ಅಲ್ಲೇ ಕಳೆದರು, ಆಮೇಲೆ ತಾವಾಗಿಯೇ ಬಂದು ಆಸನಗಳಲ್ಲಿ ಕುಳಿತರು. ಸರದಿಗೆ ಒಬ್ಬಿಬ್ಬರು ದೊಡ್ಡವರು ಅಲ್ಲಿ ನಿಲ್ಲುವಂತೆ ಮೊದಲೇ ಗೊತ್ತುಮಾಡಿಕೊಂಡಿದ್ದರೆ ಉಳಿದವರು ನಿಶ್ಚಿಂತೆಯಿಂದ ಆಟ ನೋಡಬಹುದು.

ಆಟದ ಮಾತಿಗೆ ಬಂದರೆ, 2023ರಲ್ಲಿ ಪಿಚ್ ಕ್ಲಾಕ್, ಅಂದರೆ ಚೆಂಡೆಸೆತಕ್ಕೆ ಸಮಯದ ಮಿತಿ ಹಾಕುವ ಗಡಿಯಾರ, ಜಾರಿಗೆ ಬಂದದ್ದು ಮಕ್ಕಳ ಪಾಲಿಗೆ ದೊಡ್ಡ ಉಪಕಾರವಾಗಿದೆ. ಬೇಸ್‌ಗಳಲ್ಲಿ ಓಟಗಾರರು ಯಾರೂ ಇಲ್ಲದಿದ್ದಾಗ 15 ಸೆಕೆಂಡಿನೊಳಗೆ ಪಿಚರ್ (ಚೆಂಡೆಸೆಯುವ ಆಟಗಾರ) ಚೆಂಡು ಎಸೆಯಲು ತೊಡಗಲೇಬೇಕಾದ್ದರಿಂದ, ಮೊದಲು ಮೂರು ಗಂಟೆ ದಾಟುತ್ತಿದ್ದ ಪಂದ್ಯಗಳು ಈಗ ಸಾಮಾನ್ಯವಾಗಿ ಎರಡೂವರೆ ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತವೆ. ದೊಡ್ಡ ಪರದೆಯ ಮೇಲೆ ಇಳಿಯುತ್ತಿದ್ದ ಸೆಕೆಂಡುಗಳನ್ನು ನಮ್ಮ ಹುಡುಗರು ಕನ್ನಡದಲ್ಲಿ ಗಟ್ಟಿಯಾಗಿ ಎಣಿಸತೊಡಗಿದಾಗ ಮುಂದಿನ ಸಾಲಿನ ಅಮೆರಿಕನ್ ಅಜ್ಜ ತಿರುಗಿ ನೋಡಿ ನಕ್ಕರು. ತರಗತಿಯಲ್ಲಿ ಎಷ್ಟು ಗೋಗರೆದರೂ ಈ ಮಕ್ಕಳು ಅಷ್ಟು ಸ್ಪಷ್ಟವಾಗಿ ಎಣಿಸಿದ್ದಿಲ್ಲ.

ಬಲಗಡೆಯ ಗೋಡೆಯನ್ನು ಮಕ್ಕಳಿಗೆ ತೋರಿಸಲು ಮರೆಯಬಾರದು. ಜೈಂಟ್ಸ್ ತಂಡದ ಮಹಾನ್ ಆಟಗಾರ ವಿಲ್ಲಿ ಮೇಸ್ ಅವರ ಅಂಗಿಯ ಸಂಖ್ಯೆ 24 ಆಗಿದ್ದರಿಂದ ಆ ಗೋಡೆಯ ಎತ್ತರವೂ 24 ಅಡಿ. ಮುಖ್ಯ ದ್ವಾರದಲ್ಲಿ ಅವರ ಪ್ರತಿಮೆಯ ಸುತ್ತ ಇರುವ ತಾಳೆಯ ಮರಗಳೂ 24. ಗೋಡೆಯ ಆಚೆ ಸಮುದ್ರದ ನೀರು. ಮೆಕೋವಿ ಕೋವ್ ಎಂದು ಕರೆಯುವ ಆ ಕಿರುಕೊಲ್ಲಿಯಲ್ಲಿ ಜನ ಕಯಾಕ್‌ಗಳಲ್ಲಿ ಕುಳಿತು, ಹೋಮ್ ರನ್ ಆಗಿ ಹಾರಿಬರುವ ಚೆಂಡಿಗಾಗಿ ಕಾಯುತ್ತಾರೆ. ಸಿಕ್ಸರ್ ಎಂದರೇನೆಂದು ಗೊತ್ತಿರುವ ಮಗುವಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗುವುದಿಲ್ಲ.

ಆಸನಗಳ ಆಯ್ಕೆಯಲ್ಲಿ ಮಾತ್ರ ಯೋಚಿಸಿ ಹೆಜ್ಜೆಯಿಡಬೇಕು. ಮೇಲಂತಸ್ತಿನ ಟಿಕೆಟ್‌ಗಳು ಅಗ್ಗ, ಅಲ್ಲಿಂದ ಕೊಲ್ಲಿಯ ನೋಟವಂತೂ ಸೊಗಸು. ಆದರೆ ಮೆಟ್ಟಿಲುಗಳು ಕಡಿದಾಗಿರುವುದರಿಂದ ಪದೇಪದೇ ಎದ್ದು ಓಡಾಡುವ ಚಿಕ್ಕ ಮಕ್ಕಳಿಗೆ ಅವು ಹೇಳಿಸಿದ್ದಲ್ಲ. ಕೆಳಗಿನ ಸಾಲುಗಳಲ್ಲಿ ರಕ್ಷಣಾ ಬಲೆ ಇರುವ ಭಾಗವನ್ನೇ ಆರಿಸಿಕೊಳ್ಳುವುದು ಲೇಸು, ಏಕೆಂದರೆ ಬಲೆಯಿಲ್ಲದ ಕಡೆ ಫೌಲ್ ಆಗಿ ಅಂಗಳದ ಗೆರೆಯಾಚೆ ಸಿಡಿದ ಚೆಂಡು ಕಣ್ಣುಮುಚ್ಚಿ ತೆರೆಯುವುದರೊಳಗೆ ಬಂದು ಬೀಳುತ್ತದೆ. ಗುಂಪಿನ ಟಿಕೆಟ್ ತೆಗೆದುಕೊಂಡರೆ ಎಲ್ಲರಿಗೂ ಒಟ್ಟಿಗೇ ಜಾಗ ಸಿಗುತ್ತದೆ. ಸಂಜೆಯ ಪಂದ್ಯಕ್ಕಿಂತ ಮಧ್ಯಾಹ್ನದ ಪಂದ್ಯವೇ ಮೇಲು: ಜುಲೈ ತಿಂಗಳಲ್ಲೂ ಹೊತ್ತಿಳಿಯುತ್ತಿದ್ದಂತೆ ಕೊಲ್ಲಿಯ ಕಡೆಯಿಂದ ಬೀಸುವ ಗಾಳಿ ಮೈ ನಡುಗಿಸುತ್ತದೆ. ದಕ್ಷಿಣಕ್ಕಿರುವ ಸನಿವೇಲ್ ಊರಿನ ಬಿಸಿಲು ನೋಡಿ ಅರ್ಧ ತೋಳಿನ ಅಂಗಿಯಲ್ಲಿ ಹೊರಟ ಮಕ್ಕಳಿಗೆ ಅಲ್ಲಿ ಸ್ವೆಟರ್ ಬೇಕೇ ಬೇಕು.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಚಿಂತಿಸಬೇಕಾಗಿಲ್ಲ. ಬೆಳ್ಳುಳ್ಳಿ ಹಾಕಿದ ಗಾರ್ಲಿಕ್ ಫ್ರೈಸ್ ಈ ಮೈದಾನದ ಹೆಸರುವಾಸಿ ತಿನಿಸು. ಅದರ ವಾಸನೆ ಮನೆಗೆ ಬಂದ ಮೇಲೂ ಕೈಬಿಡುವುದಿಲ್ಲ ಎಂಬುದನ್ನು ಮಾತ್ರ ನೆನಪಿಡಬೇಕು. ಸೆಂಟರ್ ಫೀಲ್ಡಿನ ಹಿಂದೆ 2014ರಲ್ಲಿ ಆರಂಭವಾದ ತರಕಾರಿ ತೋಟವೊಂದಿದೆ. ನಗರದ ಹುಡುಗರು ಸೊಪ್ಪಿನ ಮಡಿಗಳ ನಡುವೆ ನಿಂತು ಪಂದ್ಯದ ಸದ್ದು ಕೇಳುವುದು ವಿಚಿತ್ರವಾದರೂ ಚಂದದ ಅನುಭವ. ಒಳಗಿನ ಬೆಲೆಗಳು ದೊಡ್ಡ ಗುಂಪಿಗೆ ಕೈಸುಡುವಂಥವು, ಆದರೆ ಮನೆಯ ಊಟ ತರಲು ಇಲ್ಲಿ ಅಡ್ಡಿಯಿಲ್ಲ. ಗಾಜಿನ ಬಾಟಲಿ ಮತ್ತು ಕ್ಯಾನ್‌ಗಳಿಗೆ ಪ್ರವೇಶವಿಲ್ಲ. ನಾವು ಚಿತ್ರಾನ್ನವನ್ನು ಒಬ್ಬೊಬ್ಬರಿಗೆ ಒಂದೊಂದು ಸಣ್ಣ ಪೊಟ್ಟಣ ಕಟ್ಟಿಕೊಂಡು ಹೋಗಿದ್ದೆವು. ಮೊಸರನ್ನ ಮಾತ್ರ ತೊಡೆಯ ಮೇಲಿಟ್ಟುಕೊಂಡು ತಿನ್ನುವ ಜಾಗಕ್ಕೆ ತಕ್ಕದ್ದಲ್ಲ.

ಸೌತ್ ಬೇ, ಅಂದರೆ ಸನಿವೇಲ್ ಮೊದಲಾದ ದಕ್ಷಿಣದ ಊರುಗಳ ಕಡೆಯಿಂದ ಬರುವವರು ಕಾರಿನ ಆಸೆ ಬಿಟ್ಟು ಕ್ಯಾಲ್‌ಟ್ರೇನ್ ರೈಲು ಹಿಡಿಯಬೇಕು. ಕೊನೆಯ ನಿಲ್ದಾಣದಿಂದ ಮೈದಾನಕ್ಕೆ ಮಕ್ಕಳ ನಡಿಗೆಯಲ್ಲೂ ಹತ್ತು ನಿಮಿಷ ಸಾಕು, ಪಾರ್ಕಿಂಗ್‌ಗೆ ತೆರಬೇಕಾದ ಹಣವೂ ಉಳಿಯುತ್ತದೆ. ಪಂದ್ಯ ಮುಗಿದೊಡನೆ ರೈಲಿಗೆ ಜನ ನುಗ್ಗುವುದರಿಂದ, ಮಕ್ಕಳ ತಲೆ ಎಣಿಸುವ ಕೆಲಸವನ್ನು ಮೈದಾನದೊಳಗೇ ಮುಗಿಸಿಕೊಂಡು ಹೊರಡುವುದು ಕ್ಷೇಮ.

ಐದು ವರ್ಷದೊಳಗಿನ ಮಕ್ಕಳಿಗಾಗಿ ಪೂರ್ತಿ ಹಣ ಕೊಟ್ಟು ಟಿಕೆಟ್ ಕೊಳ್ಳುವುದನ್ನು ನಾನು ಸೂಚಿಸಲಾರೆ. ಆ ವಯಸ್ಸಿನವರಿಗೆ ಆಟ ಹಿಡಿಸುತ್ತದೆಯೇ ಎಂದು ನೋಡಬೇಕಿದ್ದರೆ, ಬಲಗಡೆಯ ಗೋಡೆಯ ಹೊರಗೆ ನೀರಿನ ದಂಡೆಯುದ್ದಕ್ಕೂ ಇರುವ ಕಾಲುದಾರಿಗೆ ಹೋಗಿ, ಕಮಾನುಗಳ ಜಾಲರಿಯ ಮೂಲಕ ಸ್ವಲ್ಪ ಹೊತ್ತು ಪಂದ್ಯವನ್ನು ಪುಕ್ಕಟೆಯಾಗಿ ನೋಡಬಹುದು.