ಆಲೂರು, ಚೈಯಾ, ನಿಲಂಬೆ: ಪೊರಕೆ ಯಾರ ಕೈಯಲ್ಲಿ?

ಧ್ಯಾನ ಶಿಬಿರಕ್ಕೆ ಹೋಗಿಬಂದೆ ಅಂದರೆ ಜನ ಕೇಳುವುದು ಎರಡೇ: ಮೊಬೈಲ್ ಕಿತ್ಕೋತಾರಂತೆ ಹೌದಾ, ರಾತ್ರಿ ಊಟ ಇಲ್ವಂತೆ ಹೌದಾ? ಎರಡಕ್ಕೂ ಹೆಚ್ಚುಕಡಿಮೆ ಹೌದು ಅನ್ನಬಹುದು. ಆದರೆ ಮೂರು ದೇಶಗಳ ಮೂರು ಕೇಂದ್ರಗಳಲ್ಲಿ ಇದ್ದು ಬಂದ ಮೇಲೆ ನನಗೆ ಮುಖ್ಯ ಅನ್ನಿಸಿದ ಪ್ರಶ್ನೆಯೇ ಬೇರೆ. ಅಲ್ಲಿ ಅಡುಗೆ ಮಾಡುವವರು, ಕಸ ಗುಡಿಸುವವರು ಯಾರು? ಮೂರು ಕಡೆಯೂ ಕಣ್ಣು ಮುಚ್ಚಿ ಕೂರುವುದು ಸುಮಾರು ಒಂದೇ. ಕೂರದೆ ಇರುವ ಹೊತ್ತಿನಲ್ಲಿ ಏನು ಮಾಡುತ್ತೀರಿ ಅನ್ನುವುದರಲ್ಲೇ ಇರುವುದು ವ್ಯತ್ಯಾಸ.

ಆಲೂರಿನ ಧಮ್ಮ ಪಫುಲ್ಲ ಬೆಂಗಳೂರು ಉತ್ತರದ ದಾಸನಪುರ ಹೋಬಳಿಯಲ್ಲಿದೆ. ಎಸ್. ಎನ್. ಗೋಯೆಂಕಾ ಪರಂಪರೆಯ, ವಿಪಶ್ಯನ ಎಂಬ ಬೌದ್ಧ ಧ್ಯಾನ ಕಲಿಸುವ ಕೇಂದ್ರ. ಬರ್ಮಾದ ಮಂಡಾಲೆಯಲ್ಲಿ ಹುಟ್ಟಿದ ಗೋಯೆಂಕಾ ಅಲ್ಲಿನ ಧ್ಯಾನ ಗುರು ಸಯಾಜಿ ಊ ಬ ಖಿನ್ ಅವರಿಂದ ಕಲಿತು 1969ರಲ್ಲಿ ಭಾರತಕ್ಕೆ ಬಂದರು. ಈ ಪರಂಪರೆಯ ಮುಖ್ಯ ಕೇಂದ್ರವಾದ ಮಹಾರಾಷ್ಟ್ರದ ಇಗತಪುರಿಯಲ್ಲಿ ಹೋಗಿ ಕೂತರೂ ಆಲೂರಿನಲ್ಲಿ ಕೂತರೂ ವೇಳಾಪಟ್ಟಿ ಒಂದೇ: ನಸುಕಿನ ನಾಲ್ಕಕ್ಕೆ ಗಂಟೆ, ಮೊದಲ ಮೂರು ದಿನ ಬರೀ ಉಸಿರು, ನಾಲ್ಕನೆಯ ದಿನದಿಂದ ಮೈಯ ಸಂವೇದನೆಗಳು, ದಿನಕ್ಕೆ ಮೂರು ಸಲ ಒಂದೊಂದು ಗಂಟೆ ಅಲುಗಾಡದೆ ಕೂರುವ ಅಧಿಷ್ಠಾನ. ಹನ್ನೊಂದಕ್ಕೆ ಊಟ. ಸಂಜೆ ಐದಕ್ಕೆ ಹೊಸಬರಿಗೆ ಚಹಾ, ಹಣ್ಣು, ಒಂದಿಷ್ಟು ಮಂಡಕ್ಕಿ. ಹಳಬರಿಗೆ ನಿಂಬೆ ನೀರು ಮಾತ್ರ.

ಇಲ್ಲಿ ಸಾಧಕರಿಗೆ ಕೆಲಸವೇ ಇಲ್ಲ. ಅಡುಗೆ ಮನೆ ನೋಡಿಕೊಳ್ಳುವವರು, ಬಡಿಸುವವರು, ಗಂಟೆ ಹೊಡೆಯುವವರು ಹಿಂದೊಮ್ಮೆ ಶಿಬಿರ ಮುಗಿಸಿದ ಧಮ್ಮ ಸೇವಕರು. ಶುಲ್ಕವೂ ಇಲ್ಲ. ಕನಿಷ್ಠ ಒಂದು ಶಿಬಿರ ಪೂರೈಸಿದವರಿಂದ ಮಾತ್ರ ದಾನ ಪಡೆಯುತ್ತಾರೆ, ಅಂದರೆ ನಿಮ್ಮ ಊಟಕ್ಕೆ ನಿಮಗಿಂತ ಮೊದಲು ಬಂದ ಯಾರೋ ಕೊಟ್ಟು ಹೋಗಿದ್ದಾರೆ. ಕೇಳಲು ಸುಖವಾಗಿದೆ. ಆದರೆ ಓದು, ಬರಹ, ಮಾತು, ಕೆಲಸ ಎಲ್ಲವನ್ನೂ ಕಿತ್ತುಕೊಂಡರೆ ಮನಸ್ಸಿಗೆ ಅಡಗಲು ಮೂಲೆಯೇ ಸಿಗುವುದಿಲ್ಲ. ಐದನೆಯ ದಿನದ ಹೊತ್ತಿಗೆ ಸ್ವಂತ ತಟ್ಟೆ ತೊಳೆಯುವುದೇ ದಿನದ ದೊಡ್ಡ ಮನರಂಜನೆ! ಮುಂದೆ ನಾನೂ ಸೇವಕನಾಗಿ ಹೋದೆ. ನನ್ನ ಸಿಟ್ಟು ಎಲ್ಲಿಂದ ಏಳುತ್ತದೆ ಅನ್ನುವುದು ಧ್ಯಾನದ ಹಾಲ್‌ಗಿಂತ ಹುರುಳಿಕಾಯಿ ಹೆಚ್ಚುವ ಕಡೆಯೇ ಚೆನ್ನಾಗಿ ಕಂಡಿತು.

ಹಳ್ಳಿಯ ನಿಶ್ಶಬ್ದ ಬೇಕೆಂದು ಆಲೂರಿಗೆ ಹೋಗಬೇಡಿ. 2024ರಲ್ಲಿ ತುಮಕೂರು ರಸ್ತೆಯ ಮಾದಾವರದವರೆಗೆ ಮೆಟ್ರೊ ಬಂದಾಗಿದೆ, ನಗರ ಹಿಂದೆಯೇ ನಡೆದು ಬರುತ್ತಿದೆ.

ಕಾಡು ಬೇಕಿದ್ದರೆ ದಕ್ಷಿಣ ಥಾಯ್ಲೆಂಡಿನ ಚೈಯಾ. ಬುದ್ಧದಾಸ ಭಿಕ್ಖು 1932ರಲ್ಲಿ ಬೇರೆಡೆ ಆರಂಭಿಸಿ ಮುಂದೆ ಈಗಿನ ಜಾಗಕ್ಕೆ ತಂದ ಸುವಾನ್ ಮೋಕ್ ಆಶ್ರಮ ಹೆದ್ದಾರಿಯ ಒಂದು ಬದಿಗಿದ್ದರೆ, ವಿದೇಶಿಯರ ಶಿಬಿರ ನಡೆಯುವ ಜಾಗ ಇನ್ನೊಂದು ಬದಿಗೆ, ತೆಂಗಿನ ಮರಗಳ ನಡುವೆ. ಸಿಮೆಂಟಿನ ಮಂಚ, ಅದರ ಮೇಲೊಂದು ಚಾಪೆ, ಸೊಳ್ಳೆಪರದೆ, ಮರದ ದಿಂಬು. ಮರದ ದಿಂಬು ಅಂದರೆ ನಿಜಕ್ಕೂ ಮರದ ತುಂಡೇ. ಸ್ನಾನ ಬಯಲಿನ ತೊಟ್ಟಿಯ ಬಳಿ, ಮೈಗೆ ಬಟ್ಟೆ ಸುತ್ತಿಕೊಂಡೇ ಮೊಗೆದು ಸುರಿದುಕೊಳ್ಳಬೇಕು. ಕೆರೆ, ಹೊಳೆಯಲ್ಲಿ ಮಿಂದು ಬೆಳೆದ ನಮ್ಮವರಿಗೆ ಇದರಲ್ಲೇನೂ ಕಷ್ಟವಿಲ್ಲ. ಜೊತೆಗಿದ್ದ ಯುರೋಪಿನ ಹುಡುಗರಿಗೆ ಪಂಚೆ ಜಾರದಂತೆ ಹಿಡಿಯುವುದೇ ಮೊದಲ ಎರಡು ದಿನದ ಏಕಾಗ್ರತೆಯ ಅಭ್ಯಾಸವಾಗಿತ್ತು. ಸಂಜೆ ಬಿಸಿನೀರಿನ ಬುಗ್ಗೆ ಇದೆ. ಅದೊಂದು ಸುಖಕ್ಕೆ ಉಳಿದದ್ದೆಲ್ಲ ಮಾಫಿ.

ಕೆಲಸವೂ ಧಮ್ಮಸಾಧನೆಯೇ ಎಂದು ಬುದ್ಧದಾಸರು ಒತ್ತಿ ಹೇಳುತ್ತಿದ್ದರು. ಹಾಗಾಗಿ ಬಂದ ದಿನವೇ ಕೆಲಸದ ಪಟ್ಟಿಯಲ್ಲಿ ಹೆಸರು ಬರೆಸಬೇಕು. ಬೇಗ ಬಂದವರಿಗೆ ಎಲೆ ಗುಡಿಸುವುದು, ತಡವಾದವರಿಗೆ ಶೌಚಾಲಯ. ಕಾಯಕದ ಮಾತು ಕೇಳಿಕೊಂಡೇ ದೊಡ್ಡವರಾದ ನಮಗೆ ಈ ತತ್ವ ಹೊಸದಲ್ಲ, ಪೊರಕೆ ಹಿಡಿಯುವುದು ಮಾತ್ರ ಹೊಸದು. ಇಲ್ಲಿ ಕಲಿಸುವುದು ಆನಾಪಾನಸತಿಯ, ಅಂದರೆ ಉಸಿರಿನ ಮೇಲೆ ಗಮನವಿಡುವ ಧ್ಯಾನದ, ಹದಿನಾರು ಹಂತಗಳು. ಉಪನ್ಯಾಸ ಜಾಸ್ತಿ, ಸಂಜೆ ಪಾಲಿ ಪಠಣ, ನಡಿಗೆಯ ಧ್ಯಾನಕ್ಕೆ ಧಾರಾಳ ಸಮಯ, ಬೇಕಿದ್ದರೆ ಯೋಗ. ಬೆಳಿಗ್ಗೆ ಅಕ್ಕಿ ಗಂಜಿ, ಮಧ್ಯಾಹ್ನ ಅನ್ನ-ಪಲ್ಯ, ಸಂಜೆ ಬಿಸಿ ಪಾನೀಯ. ಒಂಬತ್ತನೆಯ ದಿನ ಒಂದೇ ಊಟ. ನಾನು ಹೋದಾಗ ಹತ್ತು ದಿನಕ್ಕೆ 2000 ಬಾತ್. ಹಿಂದಿನ ತಿಂಗಳ ಕೊನೆಯ ದಿನದೊಳಗೆ ಖುದ್ದಾಗಿ ಹೋಗಿ ಹೆಸರು ಕೊಡಬೇಕಿತ್ತು. ನನಗೆ ಹೆಚ್ಚು ಹಿಡಿಸಿದ್ದು ಇದೇ. ಆಲೂರಿನಲ್ಲಿ ನೋವಿನ ಜೊತೆ ಕುಸ್ತಿ, ಇಲ್ಲಿ ಅದರ ಪಕ್ಕದಲ್ಲಿ ನಡೆದಾಟ.

ಶ್ರೀಲಂಕಾದ ನಿಲಂಬೆ ಕೇಂದ್ರಕ್ಕೆ ಕ್ಯಾಂಡಿಯಿಂದ ಗಲಹ ರಸ್ತೆಯ ಬಸ್ಸಿನಲ್ಲಿ ಹೋಗಿ, ಇಳಿದು ಚಹಾ ತೋಟದ ನಡುವೆ ಏರಬೇಕು. ನಾನು ಹೋದಾಗ ದೀಪಕ್ಕೆ ಮೊಂಬತ್ತಿ. ಮಳೆ ಬಿದ್ದರೆ ರಕ್ತ ಹೀರುವ ಇಂಬಳ. ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಬಹುಕಾಲ ಇಲ್ಲಿ ಕಲಿಸಿದ ಗಾಡ್ವಿನ್ ಸಮರರತ್ನ ಭಿಕ್ಷುವಲ್ಲ, ಗೃಹಸ್ಥ ಗುರು, 2000ದಲ್ಲಿ ತೀರಿಕೊಂಡರು. ಅವರ ಮೃದುತನ ಈಗಲೂ ನಿಯಮಗಳಲ್ಲಿ ಉಳಿದಿದೆ. ಎಷ್ಟು ದಿನ ಇರುತ್ತೀರೋ ನಿಮ್ಮಿಷ್ಟ, ದಿನದ ಲೆಕ್ಕದಲ್ಲಿ ದುಡ್ಡು. ಗ್ರಂಥಾಲಯವಿದೆ. ಬೆಳಗಿನ ಕೆಲಸವನ್ನು ವೇಳಾಪಟ್ಟಿಯಲ್ಲೇ ಧ್ಯಾನವೆಂದು ಬರೆದಿದ್ದಾರೆ. ಯಾರೂ ಬೆನ್ನು ಹತ್ತುವುದಿಲ್ಲ, ಅದೇ ಅಪಾಯ. ಅಭ್ಯಾಸವಿಲ್ಲದವರು ಇಲ್ಲಿ ಪುಸ್ತಕ ಓದಿ, ಬೆಟ್ಟ ನೋಡಿ, ಚೆನ್ನಾಗಿ ನಿದ್ದೆ ಮಾಡಿ ವಾಪಸಾಗುತ್ತಾರೆ.

ಅದಕ್ಕೇ ಮೊದಲ ಸಲದವರಿಗೆ ಆಲೂರನ್ನೇ ಹೇಳುತ್ತೇನೆ, ಅದು ನನಗೆ ಅಷ್ಟು ಪ್ರಿಯವಲ್ಲದಿದ್ದರೂ. ಖರ್ಚಿಲ್ಲ, ದೂರವಿಲ್ಲ, ಮಧ್ಯೆ ಎದ್ದು ಹೋಗಲು ಸುಲಭಕ್ಕೆ ಬಿಡುವುದಿಲ್ಲ. ಬೇರೆ ಪದ್ಧತಿ ಬೆರೆಸಬೇಡಿ ಅನ್ನುವ ಅಲ್ಲಿನ ಕಟ್ಟುನಿಟ್ಟು, ಪ್ರಶ್ನೆ ಕೇಳುವ ಸ್ವಭಾವದವರಿಗೆ ಉಸಿರುಗಟ್ಟಿಸಬಹುದು; ಅಂಥವರು ದುಡ್ಡು ಕೂಡಿಸಿ ಚೈಯಾಗೆ ಹೋಗಲಿ. ಮನೆಯಲ್ಲಿ ದಿನಾ ಒಂದರ್ಧ ಗಂಟೆಯಾದರೂ ತಾವಾಗಿಯೇ ಕೂರುವವರಿಗೆ ನಿಲಂಬೆ ಸರಿ. ಬೆನ್ನುನೋವಿದ್ದವರು ಮಾತ್ರ ಮರದ ದಿಂಬಿನ ಸಹವಾಸ ಬಿಡಿ. ಆಲೂರಿನಲ್ಲಿ ಕೇಳಿದರೆ ಕುರ್ಚಿ ಕೊಡುತ್ತಾರೆ.