ತಿಯಾಂಜಿನ್ ಬೀದಿಯಿಂದ ದುರ್ಗದ ಬೈಲಿನ ಗಿರ್ಮಿಟ್ ಗಾಡಿಗೆ

ಕೆಲಸದ ನಿಮಿತ್ತ ಚೀನಾದ ತಿಯಾಂಜಿನ್‌ನಲ್ಲಿ ನೆಲೆಸಿರುವ ನನಗೆ ಅಲ್ಲಿನ ಬೆಳಗಿನ ಬೀದಿಗಳಲ್ಲಿ ಅತ್ಯಂತ ಪ್ರಿಯವಾದದ್ದು ದೋಸೆಯಂಥ ತಿಂಡಿಯಾದ ಜಿಯಾನ್‌ಬಿಂಗ್‌ನ ಗಾಡಿ. ಹೆಸರುಕಾಳಿನ ಹಿಟ್ಟನ್ನು ಕಾದ ದುಂಡು ಹೆಂಚಿನ ಮೇಲೆ ಹುಯ್ದು, ಕಟ್ಟಿಗೆಯ ಪಟ್ಟಿಯಿಂದ ತೆಳ್ಳಗೆ ಹರಡಿ, ಮೇಲೆ ಮೊಟ್ಟೆ ಒಡೆದು, ಉಳ್ಳಾಗಡ್ಡಿ ತಪ್ಪಲು ಉದುರಿಸಿ, ಸಿಹಿ ಸಾಸ್ ಸವರಿ, ಕರಿದ ಗರಿಗರಿ ತುಂಡನ್ನು ಒಳಗಿಟ್ಟು ಮಡಚುವ ಆ ಚುರುಕನ್ನು ಎಷ್ಟು ನೋಡಿದರೂ ತಣಿವಿಲ್ಲ. ರಜೆಗೆ ಹುಬ್ಬಳ್ಳಿಗೆ ಬಂದಾಗ ದುರ್ಗದ ಬೈಲಿನ ಗಿರ್ಮಿಟ್ ಗಾಡಿಯೊಂದರಲ್ಲಿ ಅದೇ ಕೈಚಳಕ ಕಂಡೆ. ಹುಣಸೆಯ ಗೊಜ್ಜು ಚುರುಮರಿಗೆಲ್ಲ ಸಮನಾಗಿ ಹತ್ತಿತ್ತು, ಪುಟಾಣಿ ಹಿಟ್ಟು ಹದವಾಗಿತ್ತು, ಜೊತೆಗಿನ ಮಿರ್ಚಿ ಬಿಸಿಬಿಸಿಯಾಗಿತ್ತು. ಆದರೆ ಕೈ ತೊಳೆಯಲು ನೀರಿಲ್ಲ, ತಟ್ಟೆ ಎಸೆಯಲು ಡಬ್ಬಿಯೂ ಇಲ್ಲ; ಇಷ್ಟು ಒಳ್ಳೆಯ ಕೈರುಚಿಗೆ ಇದು ಸಲ್ಲದು. ಖಾರ ಕಡಿಮೆ ಬೇಕಾದವರು ಕಲಸುವ ಮುನ್ನವೇ ಹೇಳಬೇಕು.